ಕನ್ನಡ ಮೀಡಿಯಂ ಅಲ್ವಾ, ಆದ್ರೂ ಹೇಗೆ ಏಳು ಬಂತು?

ನಾನು ಬ್ರಿಟನ್ನಿನಲ್ಲಿ ನರ್ಸ್. ಇಲ್ಲಿಗೆ ಬರಲು ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೆದೆ. ಅದರ ಮಾತಿನ ಭಾಗದಲ್ಲಿ, ಅಂದರೆ ಸ್ಪೀಕಿಂಗ್‌ನಲ್ಲಿ, ಒಂಬತ್ತಕ್ಕೆ ಏಳು ಬಂತು. ರಜೆಗೆ ಊರಿಗೆ ಬಂದರೆ ಸಾಕು, ಶುರು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳುತ್ತಾರೆ. ಈ ಸಲ ತಿಥಿ ಮನೆಯಲ್ಲೂ ಒಬ್ಬಳು ಕೇಳಿದಳು, ಇನ್ನೂ ಎಡೆ ಇಟ್ಟಿರಲಿಲ್ಲ. "ಅಕ್ಕಾ, ಐಇಎಲ್‌ಟಿಎಸ್ ಸ್ಪೀಕಿಂಗ್‌ನಲ್ಲಿ ಏಳು ಹೇಗೆ ತಗೊಂಡ್ರಿ? ನೀವು ಕನ್ನಡ ಮೀಡಿಯಂ ಅಲ್ವಾ, ಆದ್ರೂ?"

ಆ 'ಆದ್ರೂ' ಇದೆಯಲ್ಲ, ಅದಕ್ಕೇ ನನಗೆ ಮೈ ಉರಿಯೋದು. ಮೇಕೆ ಸೈಕಲ್ ಹೊಡೆದದ್ದನ್ನು ಕಂಡವರ ಹಾಗೆ ಕೇಳುತ್ತಾರೆ. ಅದರ ಬೆನ್ನಿಗೇ "ಟಿಪ್ಸ್ ಕೊಡಿ". ಇನ್ಮೇಲೆ ಬಾಯಲ್ಲಿ ಹೇಳಲ್ಲ. ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ.

ಎಲ್ಲಾ ಕಡೆ ಸಿಗುವ ವಿಷಯ ಮೊದಲು ಮುಗಿಸೋಣ. ಸ್ಪೀಕಿಂಗ್ ಪರೀಕ್ಷೆ 11ರಿಂದ 14 ನಿಮಿಷ. ಎದುರಿಗೆ ಒಬ್ಬ ಪರೀಕ್ಷಕರು, ಮೇಜಿನ ಮೇಲೆ ರೆಕಾರ್ಡರ್. ಮೊದಲು ಊರು, ಮನೆ, ಕೆಲಸ ಅಂತ ಸಣ್ಣ ಪ್ರಶ್ನೆಗಳು. ಆಮೇಲೆ ಒಂದು ಕಾರ್ಡ್ ಕೊಡುತ್ತಾರೆ. ಯೋಚಿಸಲು 1 ನಿಮಿಷ, ಮಾತಾಡಲು ಹೆಚ್ಚೆಂದರೆ 2 ನಿಮಿಷ. ಕೊನೆಗೆ ಅದೇ ವಿಷಯದ ಮೇಲೆ ಚರ್ಚೆ. ನಿರರ್ಗಳತೆ, ಪದಗಳು, ವ್ಯಾಕರಣ, ಉಚ್ಚಾರ, ನಾಲ್ಕಕ್ಕೂ ಸಮಪಾಲು. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್‌ಗೆ ಬರವಣಿಗೆಯಲ್ಲಿ 6.5 ಸಾಕು, ಆದರೆ ಮಾತಿನಲ್ಲಿ 7 ಬೇಕೇ ಬೇಕು. ಮುಗಿಯಿತು ಟಿಪ್ಸು.

ಉಚ್ಚಾರದ ಬಗ್ಗೆ ಒಂದು ಮಾತು. ನಮ್ಮ ಮಂಡ್ಯ ಕಡೆ 'ಹ' ಯಾವಾಗ ಹೊರಟು ಹೋಗುತ್ತೋ ಗೊತ್ತಾಗಲ್ಲ. ಹಾಲು ಆಲಾಗುತ್ತೆ, ಹಾಸನ ಆಸನವಾಗುತ್ತೆ. ನಾನು 'ಆಸ್ಪಿಟಲ್' ಅಂತಲೇ ಬೆಳೆದವಳು. ಅದಕ್ಕೆ ಹೆದರಿ ಕನ್ನಡಿ ಮುಂದೆ ಹ ಹ ಅಂತ ಎಷ್ಟು ಉಸಿರು ಬಿಟ್ಟಿದ್ದೇನೋ. ಇಲ್ಲಿಗೆ ಬಂದ ಮೇಲೆ ನೋಡಿದರೆ ಲಂಡನ್ನಿನ ಹಳೇ ಮಂದಿಯೂ 'ಆಸ್ಪಿಟಲ್' ಅಂತಾರೆ! ನಿಮ್ಮ ಮಾತಿನ ಧಾಟಿಗೆ ಯಾರೂ ಅಂಕ ಕಡಿಯಲ್ಲ. ಹೇಳಿದ್ದು ಅರ್ಥವಾಗಬೇಕು, ಅಷ್ಟೇ.

ಮತ್ತೆ, ಮೊದಲ ಸಲ ನನಗೆ ಬಂದದ್ದು 5.5. ಇದನ್ನು ಯಾರೂ ಕೇಳಲ್ಲ, ನಾನೂ ಹೇಳಿಕೊಂಡು ತಿರುಗಲ್ಲ. ಬೆಂಗಳೂರಿನ ಒಂದು ಕೋಚಿಂಗ್ ಸೆಂಟರ್‌ನಲ್ಲಿ ನಲವತ್ತು ಉತ್ತರ ಬಾಯಿಪಾಠ ಮಾಡಿಸಿದ್ದರು. ನಾವೂ ಮಗ್ಗಿ ಹೇಳಿದ ಹಾಗೆ ಒಪ್ಪಿಸುತ್ತಿದ್ದೆವು. ಪರೀಕ್ಷೆಯಲ್ಲಿ ಊರಿನ ಬಗ್ಗೆ ಕೇಳಿದ್ದೇ ತಡ, ಸುರಿದೆ. ರಮಣೀಯ ಬೆಟ್ಟಗಳು, ಜಗತ್ತಿನ ಮೂಲೆ ಮೂಲೆಯಿಂದ ಬರುವ ಪ್ರವಾಸಿಗರು. ನಮ್ಮೂರಲ್ಲಿ ಇರೋದು ಕಬ್ಬಿನ ಗದ್ದೆ, ಒಂದು ಆಲೆಮನೆ. ಪರೀಕ್ಷಕರು ನಡುವೆಯೇ ತಡೆದು, ಅಲ್ಲಿ ಹುಡುಗರಿಗೆ ಹೊತ್ತು ಕಳೆಯಲು ಏನಿದೆ ಅಂದರು. ಅದು ನಲವತ್ತರಲ್ಲಿ ಇರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಕೆರೆ ಇದೆ ಅಂತ ಹೇಳಬಹುದಿತ್ತು. ಅಷ್ಟು ಸುಲಭದ ಪದ ಬಾಯಿಗೆ ಬರಲಿಲ್ಲ.

ಧೈರ್ಯ ಬಂದದ್ದು ನೈಟ್ ಡ್ಯೂಟಿಯಲ್ಲಿ. ನನ್ನ ಜೊತೆ ಮಣಿಪುರದ ಒಬ್ಬಳು ಸಿಸ್ಟರ್ ಇದ್ದಳು. ಅವಳಿಗೆ ಕನ್ನಡ ಬರಲ್ಲ, ನನಗೆ ಹಿಂದಿ ಅಷ್ಟಕ್ಕಷ್ಟೇ. ಉಳಿದದ್ದು ಇಂಗ್ಲಿಷ್, ಅದೂ ಇಬ್ಬರದ್ದೂ ಹರಕು. ಕನ್ನಡದ ಗೆಳತಿಯರ ಜೊತೆ ಇಂಗ್ಲಿಷ್ ಶುರು ಮಾಡಿದರೆ ಎರಡನೇ ವಾಕ್ಯಕ್ಕೆ ನಗು, ಮೂರನೆಯದಕ್ಕೆ ಕನ್ನಡ. ಇವಳ ಹತ್ತಿರ ಆ ದಾರಿಯೇ ಇರಲಿಲ್ಲ. ರಾತ್ರಿ ಮೂರು ಗಂಟೆಗೆ ಟೀ ಕುಡೀತಾ ಮುದ್ದೆ ಯಾಕೆ ಅಗಿಯಬಾರದು ಅಂತ ಅವಳಿಗೆ ಹೇಳಬೇಕಿತ್ತು. ಅವಳು ಒಣಮೀನು ಹುದುಗಿಸಿ ಮಾಡುವ ಙಾರಿ ಬಗ್ಗೆ ಹೇಳುತ್ತಿದ್ದಳು. ಪದ ಸಿಗದಿದ್ದರೆ ಕೈಯಲ್ಲಿ ತೋರಿಸಿ, ಸುತ್ತಿ ಬಳಸಿ ಹೇಳುತ್ತಿದ್ದೆವು. ಹಾಗೆ ಬೇರೆ ಮಾತಲ್ಲಿ ತಿಳಿಸುವುದಕ್ಕೂ ಪರೀಕ್ಷೆಯಲ್ಲಿ ಬೆಲೆ ಇದೆ ಅಂತ ಆಮೇಲೆ ಗೊತ್ತಾಯಿತು.

ಎಲ್ಲರೂ ಎಷ್ಟು ಬಂತು, ಹೇಗೆ ಬಂತು ಅಂತ ಕೇಳುತ್ತೀರಲ್ಲ, ಅಲ್ಲಿ ಕೂತು ಏನು ಮಾತಾಡಿದೆ ಅಂತ ಒಬ್ಬರಾದರೂ ಕೇಳಿದ್ದೀರಾ?

ಎರಡನೇ ಸಲ ಬಂದ ಕಾರ್ಡ್, ಮನೆಯಲ್ಲಿರುವ ಒಂದು ಹಳೇ ವಸ್ತು. ಕೈಗೆ ಹಾಳೆ, ಪೆನ್ಸಿಲ್ ಕೊಟ್ಟರು. ಅದರಲ್ಲಿ ಗೀಚಿದ್ದಕ್ಕೆ ಅಂಕವಿಲ್ಲ, ಯಾವ ಭಾಷೆ ಆದರೇನು? ನಾನು ಕನ್ನಡದಲ್ಲೇ ಬರೆದೆ: ಸೇರು. ಅಜ್ಜಿ. ಗೋಪುರ. ಸಾಲ.

ಅಜ್ಜಿಯ ಹತ್ತಿರ ಒಂದು ಹಿತ್ತಾಳೆ ಸೇರಿತ್ತು. ಇಂಗ್ಲಿಷಲ್ಲಿ ಏನಂತಾರೋ ಗೊತ್ತಿಲ್ಲ, ಅಕ್ಕಿ ಅಳೆಯುವ ಲೋಟ ಅಂದೆ. ಪಕ್ಕದ ಮನೆಯವಳಿಗೆ ರಾಗಿ ಸಾಲ ಕೊಡುವಾಗ ಅಜ್ಜಿ ಸೇರಿನ ಬಾಯಿಯನ್ನು ಅಂಗೈಯಿಂದ ಸವರಿ ಮಟ್ಟ ಮಾಡುತ್ತಿದ್ದಳು. ವಾಪಸ್ ತಗೊಳ್ಳುವಾಗ ಮಾತ್ರ ಗೋಪುರ ಬರಬೇಕು. ಸೆರಗಿಗೆ ನಾಲ್ಕು ಕಾಳು ಉದುರುವ ತನಕ ಬಿಡುತ್ತಿರಲಿಲ್ಲ. ಇದನ್ನು ಹೇಳುತ್ತಾ ನಾನು ಗಾಳಿಯಲ್ಲಿ ಕೈ ಸವರಿ ತೋರಿಸಿದೆ. ವ್ಯಾಕರಣ ಎರಡು ಕಡೆ ಕೆಟ್ಟದ್ದು ನನಗೇ ಕೇಳಿಸಿತು, ನಿಲ್ಲಲಿಲ್ಲ. ಪರೀಕ್ಷಕರ ತುಟಿ ಒಂದು ಕಡೆ ಸ್ವಲ್ಪ ಅಲುಗಿತು. ಅಷ್ಟರಲ್ಲಿ ಎರಡು ನಿಮಿಷ ಆಯಿತು, ಕೈ ತೋರಿಸಿ ನಿಲ್ಲಿಸಿದರು.

ಕಥೆ ಅರ್ಧಕ್ಕೇ ನಿಂತಿತು. ಪಕ್ಕದ ಮನೆಯವಳೇನು ದಡ್ಡಿಯಾ? ಒಂದು ದಿನ ಸಾಲ ತೀರಿಸಲು ತನ್ನದೇ ಸೇರು ಹಿಡಿದುಕೊಂಡು ಬಂದಳು, ಗೋಪುರವನ್ನೂ ಎತ್ತರಕ್ಕೇ ಸುರಿದಳು. ಅಜ್ಜಿ ಸುಮ್ನೆ ಅವಳ ಕೈಯಿಂದ ಸೇರು ತಗೊಂಡು, ಮೊರಕ್ಕೆ ಬೋರಲು ಹಾಕಿ ತಳ ನೋಡಿದಳು. ತಳ ಒಳಕ್ಕೆ ನೆಗ್ಗಿತ್ತು.