ರಂಜಕವಿಲ್ಲದ ತೊಟ್ಟಿಗೆ ರಂಜಕ ಬಂದದ್ದು ಎಲ್ಲಿಂದ?

ಭತ್ತದ ಸಸಿಯನ್ನು ಒಂದು ತೊಟ್ಟಿಯಲ್ಲಿ ರಂಜಕ (ಫಾಸ್ಫರಸ್) ಕೊಟ್ಟು, ಇನ್ನೊಂದರಲ್ಲಿ ಕೊಡದೆ ಬೆಳೆಸುವ ಪ್ರಯೋಗವಿದು. ರಂಜಕದ ಹಸಿವಾದಾಗ ಬೇರಿನಲ್ಲಿ ಚುರುಕಾಗುವ ಐಪಿಎಸ್1 ಜೀನ್‌ನ ಬ್ಯಾಂಡ್ (ಅದರ ಚುರುಕು ತೋರುವ ಗೆರೆ) ಮೂರನೇ ಸುತ್ತಿನಲ್ಲಿ ಜೆಲ್ ಮೇಲೆ ದಪ್ಪಗೆ ಮೂಡಿದೆ! ನಿಪ್ಪೊನ್‌ಬಾರೆ ಭತ್ತ, ಯೋಶಿದಾ ಪೋಷಕ ದ್ರಾವಣ, ರಂಜಕವಿಲ್ಲದ ತೊಟ್ಟಿಗೆ ಸೋಡಿಯಂ ಫಾಸ್ಫೇಟಿನ ಜಾಗದಲ್ಲಿ ಅಷ್ಟೇ ಸೋಡಿಯಂ ಕೊಡುವ ಕ್ಲೋರೈಡ್.

ಹಿಂದಿನ ಎರಡೂ ಸುತ್ತಿನಲ್ಲಿ ಹೋಲಿಕೆಗೆಂದು ನೋಡುವ ಆಕ್ಟಿನ್ ಜೀನ್ ಸರಿಯಿತ್ತು, ಐಪಿಎಸ್1 ಮಾತ್ರ ಎರಡೂ ತೊಟ್ಟಿಯಲ್ಲಿ ಮಸುಕು. ರಂಜಕ ಸಾಕಷ್ಟಿದ್ದಾಗ ಎಸ್‌ಪಿಎಕ್ಸ್ ಪ್ರೋಟೀನುಗಳು ಜೀನ್‌ಗಳನ್ನು ಎಬ್ಬಿಸುವ ಪಿಎಚ್‌ಆರ್2 ಪ್ರೋಟೀನನ್ನು ಹಿಡಿದಿಡುತ್ತವೆ. ಕೊರತೆಯಾದರೆ ಹಿಡಿತ ಸಡಿಲವಾಗಿ ಅದು ಐಪಿಎಸ್1, ಮಿಆರ್399 ಎರಡನ್ನೂ ಎಬ್ಬಿಸುತ್ತದೆ. ಪುಟ್ಟ ಆರ್‌ಎನ್‌ಎ ಆದ ಮಿಆರ್399 ಕತ್ತರಿಸುವುದು, ರಂಜಕ ಹೀರುವುದಕ್ಕೆ ಕಡಿವಾಣ ಹಾಕುವ ಪಿಎಚ್‌ಒ2 ಜೀನ್‌ನ ಆರ್‌ಎನ್‌ಎಯನ್ನು. ಐಪಿಎಸ್1 ಅದಕ್ಕೆ ಹುಸಿ ಗುರಿ: ಕತ್ತರಿ ಬೀಳಬೇಕಾದಲ್ಲೇ ಮೂರು ಅಕ್ಷರ ಉಬ್ಬಿರುತ್ತವೆ, ಮಿಆರ್399 ಅಂಟುತ್ತದೆ, ಕತ್ತರಿಸಲಾಗದು. ಇಷ್ಟು ಚುರುಕಾದ ಜೀನ್ ಸುಮ್ಮನಿದೆ ಎಂದರೆ ಗಿಡಕ್ಕೆ ಹಸಿವಾಗಿಲ್ಲ ಎಂದೇ ಅರ್ಥ.

ಮೊದಲ ಅನುಮಾನ ಕಾಳಿನ ಮೇಲೆ. ಕಾಳಿನ ರಂಜಕದ ಬಹುಪಾಲು ಫೈಟೇಟ್ ರೂಪದಲ್ಲಿ ಕೂಡಿಟ್ಟಿರುತ್ತದೆ, ಎಳೆ ಸಸಿಗೆ ಅದೇ ಊಟ. 10ನೇ ದಿನಕ್ಕೆ ಉಳಿದ ಕಾಳನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದದ್ದಾಯಿತು. ಸಾಬೂನಿನ ಫಾಸ್ಫೇಟ್ ಅಂಶ ಹೋಗಲೆಂದು ತೊಟ್ಟಿಯನ್ನು 10% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿದ್ದೂ ಆಯಿತು. ಎರಡೂ ಬೇಕಾದ ಕೆಲಸವೇ, ಆದರೆ ಬ್ಯಾಂಡ್ ಮಸುಕಾಗಿಯೇ ಉಳಿಯಿತು.

ಕಳ್ಳನನ್ನು ಹಿಡಿದುಕೊಟ್ಟದ್ದು, ಫಾಸ್ಫೇಟ್ ಇದ್ದರೆ ನೀಲಿಯಾಗುವ ಮಾಲಿಬ್ಡಿನಮ್ ನೀಲಿ ಪರೀಕ್ಷೆ (ಆಸ್ಕಾರ್ಬಿಕ್ ಆಮ್ಲ ಅಂದಂದೇ ಕಲಸಿ, ಹಳದಿ ತಿರುಗಿದ್ದು ಬೇಡ). ದ್ರಾವಣ ಬದಲಿಸಿದ ದಿನದ ಮಾದರಿಗೆ ನೀಲಿಯೇ ಇಲ್ಲ, ಬರೀ ನೀರಿನ ಬಣ್ಣ. ಅಮೋನಿಯಂ ಮುಗಿದು ನೈಟ್ರೇಟ್ ಹೀರತೊಡಗಿದಾಗ ಪಿಎಚ್ ಏರುತ್ತದಲ್ಲ, ಅದನ್ನು 5ಕ್ಕೆ ಇಳಿಸಿದ ಮೇಲೆ ತೆಗೆದ ಮಾದರಿ ಕಡುನೀಲಿ! ಅಂಗಡಿಯವರು ಕೊಟ್ಟ ‘ಪಿಎಚ್ ಡೌನ್’ ಬಾಟಲಿಯಲ್ಲಿದ್ದದ್ದು ಫಾಸ್ಫಾರಿಕ್ ಆಮ್ಲ. ಲೇಬಲ್ಲಿನಲ್ಲಿ ಅದರ ಹೆಸರೇ ಇಲ್ಲ, ಕೇಳಿದರೆ ‘ಎಲ್ಲರೂ ಇದನ್ನೇ ಒಯ್ಯುತ್ತಾರೆ’ ಎಂಬ ಉತ್ತರ. ಮಾರುವ ವಸ್ತುವಿನಲ್ಲಿ ಏನಿದೆ ಎಂದು ಬರೆಯುವುದಕ್ಕೇನು ಕಷ್ಟ?

ಲೆಕ್ಕ ನೋಡಿ: 85% ಆಮ್ಲದ 1 ಮಿ.ಲೀ.ನಲ್ಲಿ ಸುಮಾರು 450 ಮಿ.ಗ್ರಾಂ ರಂಜಕ. 20 ಲೀಟರಿಗೆ ಬಿದ್ದರೆ 22 ಪಿಪಿಎಂ (ಲೀಟರಿಗೆ ಮಿ.ಗ್ರಾಂ). ಯೋಶಿದಾ ಪೂರ್ಣ ದ್ರಾವಣದಲ್ಲಿರುವುದೇ 10. ಹತ್ತು ಪಟ್ಟು ತೆಳುವಾಗಿಸಿದ್ದರೂ 2 ಪಿಪಿಎಂ. ಈಗ ಪಿಎಚ್ ಇಳಿಸುವುದಕ್ಕೆ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ, ಹನಿಹನಿಯಾಗಿ.

ಮುಂದಿನದು ಪಿಎಸ್‌ಟಿಒಎಲ್1. ಎಳೆಯದರಲ್ಲೇ ಬೇರು ಹರಡಿಸುವ ಈ ಜೀನ್ 2012ರಲ್ಲಿ ಬೆಳಕಿಗೆ ಬಂತು. ಕಸಲತ್ ಎಂಬ ಭತ್ತದ ತಳಿಯ 12ನೇ ಕ್ರೋಮೊಸೋಮಿನಲ್ಲಿದೆ, ನಿಪ್ಪೊನ್‌ಬಾರೆಯಲ್ಲಿ ಇಲ್ಲವೇ ಇಲ್ಲ. ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಕಟ್ಟಿಹಾಕುವ ನಮ್ಮ ಮಲೆನಾಡು, ಕರಾವಳಿಯ ಕೆಂಪು ಮಣ್ಣಿನ ನಾಟಿ ಭತ್ತಗಳಲ್ಲಿ ಅದನ್ನು ಹುಡುಕಲೇಬೇಕು. ಕುಮಟಾ ಕಡೆಯ ಕಗ್ಗ ಭತ್ತದ ಎಲೆ ಒಣಗಿಸಿಟ್ಟಾಗಿದೆ, ಜೀನ್ ಹುಡುಕುವ ಡಿಎನ್‌ಎ ತುಣುಕು, ಅಂದರೆ ಪ್ರೈಮರ್ ಬರಬೇಕು.