ಜೋಗದಲ್ಲಿ ನೀರೇ ಇರಲಿಲ್ಲ, ಹೋಗಿದ್ದು ದಂಡವೇ?

ನಾನು ತಾಳಗುಪ್ಪದ ಕಡೆಯವಳು ಎಂದು ಗೊತ್ತಾದ ಕೂಡಲೇ ಬೆಂಗಳೂರಿನಲ್ಲಿ ಜನ ಕೇಳುವುದು ಜೋಗದ ವಿಷಯ. ಹೋಗದವರು, "ಈಗ ಹೋದ್ರೆ ನೀರಿರುತ್ತಾ?" ಅನ್ನುತ್ತಾರೆ. ಹೋಗಿ ಬಂದವರು, "ಅಷ್ಟು ದೂರ ಹೋಗಿದ್ವಿ ಕಣ್ರೀ, ಏನೂ ಇರಲಿಲ್ಲ. ದಂಡ ಅಲ್ವಾ?" ಅನ್ನುತ್ತಾರೆ. ಇಷ್ಟು ವರ್ಷ ಬಾಯಲ್ಲಿ ಹೇಳುತ್ತಿದ್ದ ಉತ್ತರವನ್ನು ಈ ಸಲ ಬರೆದೇ ಬಿಡೋಣ ಅನ್ನಿಸಿದ್ದು ಒಬ್ಬ ತಾಯಿಯಿಂದ.

ನನ್ನ ಆಫೀಸಿನ ಹುಡುಗನೊಬ್ಬ ಏಪ್ರಿಲ್ ರಜೆಯಲ್ಲಿ ಅವನ ಅಮ್ಮನನ್ನು ಜೋಗಕ್ಕೆ ಕರೆದುಕೊಂಡು ಹೋಗಿದ್ದ. ಅವರು ಬಂಗಾರಪೇಟೆ ಕಡೆಯವರು. ತವರುಮನೆಯ ಗೋಡೆಯ ಮೇಲೆ ಜೋಗದ ಚಿತ್ರದ ಕ್ಯಾಲೆಂಡರ್ ಇತ್ತಂತೆ. ವರ್ಷ ಮುಗಿದರೂ ಅದನ್ನು ತೆಗೆಯಲು ಬಿಡದೆ, ತಾರೀಕಿನ ಹಾಳೆಗಳೆಲ್ಲ ಹರಿದ ಮೇಲೂ ಚಿತ್ರವನ್ನು ಉಳಿಸಿಕೊಂಡಿದ್ದರಂತೆ. ಮಗ ಕೆಲಸಕ್ಕೆ ಸೇರಿದ ಮೇಲೆ ಅವರು ಕೇಳಿದ್ದು ಇದೊಂದೇ ಊರು. ರಾತ್ರಿಯೆಲ್ಲ ಕಾರಿನಲ್ಲಿ ಕೂತು, ಬೆಳಗ್ಗೆ ಕಟಕಟೆ ಹಿಡಿದು ನಿಂತರೆ ಎದುರಿಗೆ ಕಂದು ಬಣ್ಣದ ಬಂಡೆಗೋಡೆ. ಒಂದು ಮೂಲೆಯಲ್ಲಿ ದಾರದಂಥ ಎರಡು ಎಳೆ ನೀರು. "ಇದೇನಾ ಜೋಗ?" ಎಂದು ಒಮ್ಮೆ ಕೇಳಿ ಸುಮ್ಮನಾದರಂತೆ. "ತುಮಕೂರು ದಾಟೋವರೆಗೂ ಅಮ್ಮ ಮಾತೇ ಆಡಲಿಲ್ಲ ಮೇಡಂ" ಎಂದು ಅವನು ಹೇಳಿದಾಗ ನನಗೆ ನಮ್ಮ ಮನೆಗೆ ಬಂದ ನೆಂಟರನ್ನು ಊಟ ಹಾಕದೆ ಕಳಿಸಿದಷ್ಟು ಸಂಕಟವಾಯಿತು. ಅಂದು ಸಂಜೆ ಅವರಿಗೆ ಫೋನ್ ಮಾಡಿದೆ. ಬೇಜಾರನ್ನು ತೋರಿಸಿಕೊಳ್ಳದೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ನೀರೆಲ್ಲ ಎಲ್ಲಿಗೆ ಹೋಗುತ್ತಮ್ಮ?"

ಜೋಗಕ್ಕೆ ಹೋಗುವ ಪ್ರತಿಯೊಬ್ಬರೂ ಕೇಳಬೇಕಾದ ಪ್ರಶ್ನೆ ಅದು.

ಶರಾವತಿ ಪುಟ್ಟ ಹೊಳೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವವರೆಗೆ ಅದರ ಉದ್ದ ಸುಮಾರು 128 ಕಿ.ಮೀ. ಆ ದಾರಿಯ ನಡುವೆ ಜೋಗದಲ್ಲಿ ಅದು 253 ಮೀಟರ್, ನಮ್ಮ ಹಿರಿಯರ ಲೆಕ್ಕದಲ್ಲಿ 830 ಅಡಿ, ಕೆಳಕ್ಕೆ ಧುಮುಕುತ್ತದೆ. ಅಷ್ಟು ಎತ್ತರದಿಂದ ಬೀಳುವ ನೀರಿನಲ್ಲಿ ಕರೆಂಟು ಇದೆ ಎಂದು ಮೈಸೂರು ಸಂಸ್ಥಾನದ ಕಾಲದಲ್ಲೇ ಲೆಕ್ಕ ಹಾಕಿದ್ದರು. ಹಿರೇಭಾಸ್ಕರದಲ್ಲಿ ಅಣೆಕಟ್ಟು ಕಟ್ಟಿ, 1948ರಲ್ಲಿ ಜೋಗದ ಬುಡದಲ್ಲಿ ವಿದ್ಯುತ್ ತಯಾರಿ ಶುರು ಮಾಡಿದರು. ಇವತ್ತು ಅದರ ಹೆಸರು ಮಹಾತ್ಮ ಗಾಂಧಿ ಜಲವಿದ್ಯುದಾಗಾರ. 1964ರಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದಾದ ಲಿಂಗನಮಕ್ಕಿ ಎದ್ದಿತು. ಅದರ ನೀರು ಹಿರೇಭಾಸ್ಕರದ ಅಣೆಕಟ್ಟನ್ನೇ ಮುಳುಗಿಸಿತು.

ಲಿಂಗನಮಕ್ಕಿ ಇರುವುದು ಜೋಗಕ್ಕಿಂತ ಕೆಲವೇ ಕಿ.ಮೀ. ಮೇಲೆ. ಅಲ್ಲಿ ನಿಂತ ನೀರು ಹೊಳೆಯ ಪಾತ್ರದಲ್ಲಿ ಜೋಗದ ಕಡೆ ಬರುವುದಿಲ್ಲ. ಕಾಲುವೆ ಹಿಡಿದು ತಳಕಳಲೆ ಜಲಾಶಯಕ್ಕೆ ಹೋಗುತ್ತದೆ, ಅಲ್ಲಿಂದ ದೈತ್ಯ ಕೊಳವೆಗಳಲ್ಲಿ ಕಣಿವೆಗೆ ಇಳಿಯುತ್ತದೆ. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸಿ, ಜಲಪಾತದ ಕೆಳಗೆ ಮತ್ತೆ ಹೊಳೆ ಸೇರುತ್ತದೆ. ಆ ಹತ್ತು ಯಂತ್ರಗಳ ಸಾಮರ್ಥ್ಯ 1,035 ಮೆಗಾವಾಟ್. ಅಂದರೆ ಏಪ್ರಿಲ್‌ನಲ್ಲಿಯೂ ಆ ನೀರು ಬೀಳುತ್ತಲೇ ಇರುತ್ತದೆ, ಬಂಡೆಯ ಮೇಲಲ್ಲ, ಕಬ್ಬಿಣದ ಕೊಳವೆಯೊಳಗೆ. ಬೇಸಿಗೆಯಲ್ಲಿ ಫ್ಯಾನು ತಿರುಗುವ ಎಷ್ಟೋ ಮನೆಗಳಿಗೆ ಶರಾವತಿ ಆ ರೂಪದಲ್ಲಿ ಬಂದಿರುತ್ತದೆ.

ಅದನ್ನು ಅವರಿಗೆ ಹೇಳಿದಾಗ ಸ್ವಲ್ಪ ಹೊತ್ತು ಮೌನ. ಆಮೇಲೆ, "ಹಾಗಾದ್ರೆ ನಮ್ಮನೆಗೇ ಬಂದಿದ್ದ ಹೊಳೆನ ನೋಡೋಕೆ ಅಷ್ಟು ದೂರ ಹೋಗಿದ್ದೆ ನಾನು" ಅಂದರು. ಅವರ ಸೀಮೆಗೂ ಇಂಥ ಕಥೆಯೊಂದಿದೆ. 1902ರಲ್ಲಿ ಶಿವನಸಮುದ್ರದ ನೀರಿನಿಂದ ಮಾಡಿದ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೇಸಿಗೆಯಲ್ಲಿ ಗಗನಚುಕ್ಕಿ, ಭರಚುಕ್ಕಿ ನೋಡಿ ಮುಖ ಸಣ್ಣ ಮಾಡಿಕೊಂಡು ಬರುವವರೂ, ಗೋಕಾಕದಲ್ಲಿ ಬರೀ ಬಂಡೆ ಕಂಡೆವು ಅನ್ನುವವರೂ ಇದ್ದಾರೆ. ಅಲ್ಲೂ ಮಳೆಗಾಲ ಬಿಟ್ಟು ಹೋದರೆ ಹೀಗೇ ಆಗುವುದು.

ಇದನ್ನೆಲ್ಲ ಹೇಳುವಾಗ ನನ್ನ ಗಂಟಲು ಕಟ್ಟುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮಜ್ಜನ ಮನೆ, ಅಡಿಕೆ ತೋಟ, ಗದ್ದೆ ಎಲ್ಲ ಲಿಂಗನಮಕ್ಕಿಯ ಹಿನ್ನೀರಿನ ಕೆಳಗಿದೆ. ನಮ್ಮ ಕಡೆ ಅದಕ್ಕೆ 'ಮುಳುಗಡೆ' ಅನ್ನುತ್ತಾರೆ, ನಮ್ಮಂಥ ಮನೆಯವರಿಗೆ 'ಮುಳುಗಡೆಯವರು' ಎಂದೇ ಹೆಸರು. ನನಗೆ ಒಂಬತ್ತು ವರ್ಷವಿದ್ದಾಗ ಒಂದು ಮೇ ತಿಂಗಳಲ್ಲಿ ನೀರು ತುಂಬ ಇಳಿದಿತ್ತು. ಅಜ್ಜ ನನ್ನ ಕೈ ಹಿಡಿದು ಬಿರುಕು ಬಿಟ್ಟ ಕೆಸರಿನ ಮೇಲೆ ನಡೆಸಿಕೊಂಡು ಹೋದರು. ಸುತ್ತ ಎಲ್ಲಿ ನೋಡಿದರೂ ಕಪ್ಪಗೆ ಸತ್ತು ನಿಂತ ಮರಗಳ ಬೊಡ್ಡೆ. "ಇದು ಹಲಸು, ಇದು ಮಾವು" ಎಂದು ಆ ಬೊಡ್ಡೆಗಳಿಗೆ ಹೆಸರು ಹೇಳುತ್ತಾ ಹೋದರು. ಒಂದು ಕಡೆ ನಿಂತು ಕಾಲಿನಿಂದ ಮಣ್ಣು ಸರಿಸಿದರೆ ಒರಳುಕಲ್ಲು. ಒರಳಿನ ಗುಂಡಿಯ ತುಂಬ ಒಣಗಿದ ಕೆಸರು, ಬಿಳಿ ಬಸವನಹುಳುವಿನ ಚಿಪ್ಪು. ಅಜ್ಜ ಕುಕ್ಕರುಗಾಲಲ್ಲಿ ಕೂತು, ಬೆರಳಿನಿಂದ ಕೆಸರು ಕೆದಕಿ ತೆಗೆದು, ಹೆಗಲ ಮೇಲಿನ ಟವೆಲ್ಲಿನಿಂದ ಒರಳಿನ ಒಳಗನ್ನು ಒರೆಸಿದರು. ಮತ್ತೆ ಒಂದು ತಿಂಗಳಿಗೆ ನೀರು ಬರುತ್ತದೆ ಎಂದು ಗೊತ್ತಿದ್ದೇ ಒರೆಸಿದರು.

ಮುಳುಗಡೆಯಾಗಿ ಅರವತ್ತು ವರ್ಷ ದಾಟಿದರೂ, ಕೊಟ್ಟ ಜಾಗಕ್ಕೆ ಹಕ್ಕುಪತ್ರ ಸಿಗದೆ ಕಚೇರಿ ಅಲೆಯುತ್ತಿರುವ ಕುಟುಂಬಗಳು ಶಿವಮೊಗ್ಗ ಜಿಲ್ಲೆಯಲ್ಲಿ ಈಗಲೂ ಇವೆ. ಶರಾವತಿ ಸಂತ್ರಸ್ತರು ಎಂದು ಪತ್ರಿಕೆಯಲ್ಲಿ ಬಂದಾಗ ದಯವಿಟ್ಟು ಪುಟ ತಿರುಗಿಸಬೇಡಿ. ಜೋಗದಲ್ಲಿ ನೀವು ಕಂಡ ಬರಿ ಬಂಡೆಯ ಹಿಂದೆ ಇರುವ ಜನ ಅವರು. ಬಂಡೆ ನೋಡಿ ನಿಮಗೆ ನಿರಾಸೆಯಾದರೆ ನನಗೆ ಕೋಪ ಬರುವುದಿಲ್ಲ. ಈ ಕಥೆ ಗೊತ್ತಿಲ್ಲದೆ ಹೋಗಿಬರುತ್ತೀರಲ್ಲ ಎಂಬುದಷ್ಟೇ ನನ್ನ ಬೇಸರ.

ಕೆಲವು ವರ್ಷದ ಹಿಂದೆ ಸರ್ವಋತು ಜೋಗ ಎಂಬ ಯೋಜನೆಯ ಮಾತು ಜೋರಾಗಿತ್ತು. ಬಿದ್ದ ನೀರನ್ನು ಪಂಪಿನಲ್ಲಿ ಮೇಲೆತ್ತಿ ಮತ್ತೆ ಬೀಳಿಸುತ್ತಾ ವರ್ಷವಿಡೀ ಜಲಪಾತ ತೋರಿಸುವುದು. ನನಗೆ ಅದು ಬೇಡ. ಪ್ರವಾಸಿಗರಿಗೆ ನಿರಾಸೆಯಾಗಬಾರದೆಂದು ಹೊಳೆಯನ್ನು ನಲ್ಲಿ ಮಾಡಿದರೆ ಅದು ಹೊಳೆಗೆ ಮಾಡುವ ಅವಮಾನ. ಈಗಾಗಲೇ ಅದರಿಂದ ಕಿತ್ತುಕೊಂಡಿರುವುದು ಸಾಕು. ಜೋಗಕ್ಕೆ ಒಂದು ಕಾಲವಿದೆ, ಆ ಕಾಲಕ್ಕೆ ನಾವು ಹೋಗಬೇಕು.

ಆ ಕಾಲ ಯಾವುದು? ಜೂನ್ ಮೊದಲ ವಾರದಲ್ಲಿ ಮಳೆ ಬಂತೆಂದು ಸುದ್ದಿ ಕೇಳಿ ಓಡಬೇಡಿ, ನೆಲ ಇನ್ನೂ ನೀರು ಕುಡಿಯುತ್ತಿರುತ್ತದೆ. ಪುನರ್ವಸು, ಪುಷ್ಯ ಮಳೆ ಹಿಡಿಯಬೇಕು, ಅಂದರೆ ಜುಲೈ. ಆಗ ಅಣೆಕಟ್ಟಿನ ಗೇಟು ಮುಚ್ಚಿದ್ದರೂ ಕೆಳಗಿನ ಹಳ್ಳಕೊಳ್ಳಗಳ ನೀರೇ ಸಾಕು, ನಾಲ್ಕು ಕವಲೂ ಕಾಣುತ್ತವೆ. ಎಡದಿಂದ ನೋಡುತ್ತಾ ಬಂದರೆ ರಾಜ, ರೋರರ್, ರಾಕೆಟ್, ರಾಣಿ. ರಾಜ ಎಲ್ಲೂ ಬಂಡೆಗೆ ತಾಕದೆ ನೇರ ಇಳಿಯುತ್ತಾನೆ. ರಾಕೆಟ್ ಚಿಮ್ಮಿ ಚಿಮ್ಮಿ ಬೀಳುತ್ತದೆ. ರಾಣಿ ಬಂಡೆಯನ್ನು ಸವರಿಕೊಂಡು ನೊರೆ ಚೆಲ್ಲುತ್ತಾ ಬರುತ್ತಾಳೆ. ಆಶ್ಲೇಷ, ಮಘೆ ಮಳೆಯ ಹೊತ್ತಿಗೆ, ಆಗಸ್ಟಿನಲ್ಲಿ, ಲಿಂಗನಮಕ್ಕಿಯ ಮಟ್ಟದ ಮೇಲೆ ಕಣ್ಣಿಡಿ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಅದು ಅಚ್ಚಾಗುತ್ತಿರುತ್ತದೆ. ಗರಿಷ್ಠ ಮಟ್ಟ 1,819 ಅಡಿ. ಅದರ ಹತ್ತಿರ ಬಂತೆಂದರೆ ಗೇಟು ತೆಗೆಯುವ ಮಾತು ಶುರುವಾಗುತ್ತದೆ. ಆಗ ನಾಲ್ಕು ಕವಲೂ ಒಂದಾಗಿ ಬಂಡೆಯೇ ಕಾಣದಂತೆ ನೀರು ಇಳಿಯುತ್ತದೆ. ಎಲ್ಲ ವರ್ಷವೂ ಜಲಾಶಯ ತುಂಬುವುದಿಲ್ಲ. ತುಂಬಿದ ವರ್ಷ ಕಚೇರಿಗೆ ರಜೆ ಹಾಕಿ ಬನ್ನಿ.

ಆ ದಿನಗಳಲ್ಲೂ ನಿರಾಸೆಯಾಗುವವರಿದ್ದಾರೆ, ಮಂಜಿನಿಂದ. ಕಣಿವೆಯಿಂದ ಮಂಜು ಎದ್ದರೆ ಎದುರಿಗೆ ಬಿಳಿ ಗೋಡೆ. ಕಳೆದ ಸಲ ನಾನು ನಿಂತಿದ್ದಾಗ ಪಕ್ಕದಲ್ಲಿ ಮಂಡ್ಯದ ಒಂದು ಕುಟುಂಬ, ಅಜ್ಜಿಯಿಂದ ಮೊಮ್ಮಗುವಿನವರೆಗೆ ಹನ್ನೊಂದು ಜನ. ಕಿವಿಗೆ ಮಾತ್ರ ಜಲಪಾತ. ಆ ಮೊರೆತ ಎದೆಯ ಗೂಡಿನೊಳಗೇ ಕೇಳಿಸುತ್ತಿತ್ತು. ಕಣ್ಣಿಗೆ ಏನೂ ಇಲ್ಲ. "ಒಂದರ್ಧ ಗಂಟೆ ನಿಲ್ಲಿ ಅಜ್ಜಿ, ಗಾಳಿ ತಿರುಗಿದರೆ ಬಿಡುತ್ತೆ" ಅಂದೆ. ಅವರಿಗೆ ಮನಸ್ಸಿತ್ತು. ಆದರೆ ಹೊರಗೆ ಟೆಂಪೊ ಟ್ರಾವೆಲರ್ ಹಾರ್ನ್ ಹೊಡೆಯುತ್ತಿತ್ತು. ಮಧ್ಯಾಹ್ನಕ್ಕೆ ಸಿಗಂದೂರು, ಸಂಜೆಗೆ ಮುರುಡೇಶ್ವರ, ರಾತ್ರಿಯೇ ವಾಪಸ್ಸು. ಹತ್ತು ನಿಮಿಷ ನಿಂತು ಹೊರಟರು. ಅವರು ಹೋಗಿ ಕಾಲು ಗಂಟೆಯಾಗಿತ್ತೇನೋ, ಮೊದಲು ಕೆಳಗೆ ಎಲ್ಲೋ ಒಂದು ತುಂಡು ಹಸಿರು ಕಂಡಿತು. ಆಮೇಲೆ ಪರದೆ ಸರಿಸಿದ ಹಾಗೆ ಮಂಜು ಎಡಕ್ಕೆ ಸರಿಯಿತು. ಕೆಂಪಗೆ, ಚಹಾದ ಬಣ್ಣಕ್ಕೆ ತಿರುಗಿದ ರಾಜ ಮೊದಲು ಬಂದ, ಅವನ ಬೆನ್ನಿಗೆ ಉಳಿದವರು. ನಿಂತವರೆಲ್ಲ ಒಟ್ಟಿಗೆ ಕೂಗಿದರು. ಐದು ನಿಮಿಷವೂ ಇರಲಿಲ್ಲ, ಮತ್ತೆ ಮುಚ್ಚಿಕೊಂಡಿತು. ನನಗೆ ಆ ಅಜ್ಜಿಯ ಹಿಂದೆ ಓಡಬೇಕು ಅನ್ನಿಸಿತು.

ಹಾಗಾಗಿ, ಒಂದೇ ದಿನದಲ್ಲಿ ಹೋಗಿಬರಬಹುದಾ ಎಂದು ಕೇಳುವವರಿಗೆ ನನ್ನ ಉತ್ತರ, ಬೇಡ. ಬೆಂಗಳೂರಿನಿಂದ ಹತ್ತಿರಹತ್ತಿರ 400 ಕಿ.ಮೀ. ಅಷ್ಟು ದೂರ ಬಂದು ಹತ್ತು ನಿಮಿಷ ನಿಂತರೆ ಯಾವ ಜಾಗ ತಾನೇ ಏನು ಕೊಡಬಲ್ಲದು? ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ತಾಳಗುಪ್ಪ, ಅದೇ ಕೊನೆಯ ಸ್ಟೇಷನ್, ಇಳಿಯುವುದು ತಪ್ಪಿಹೋಗುತ್ತದೆಂಬ ಭಯವಿಲ್ಲ. ಅಲ್ಲಿಂದ ಜೋಗ ಹತ್ತಿರ. ಒಂದು ರಾತ್ರಿ ಉಳಿಯಿರಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ನಿಲ್ಲಿ. ಛತ್ರಿ ಬೇಡ, ಆ ಗಾಳಿಗೆ ಮಗುಚಿಕೊಳ್ಳುತ್ತದೆ, ರೈನ್‌ಕೋಟ್ ತನ್ನಿ. ಬುಡದವರೆಗೆ ಇಳಿಯಲು ಸಾವಿರಕ್ಕೂ ಹೆಚ್ಚು ಮೆಟ್ಟಿಲಿವೆ, ಮಳೆಗಾಲದಲ್ಲಿ ಬಿಡದಿದ್ದರೆ ಜಗಳವಾಡಬೇಡಿ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ನಿಲ್ಲುವುದಿಲ್ಲ.

ಬೇಸಿಗೆಯಲ್ಲೇ ಬರುವ ಹಾಗಾದರೆ ಜೋಗವನ್ನು ನೆಪ ಮಾಡಿಕೊಂಡು ಸಾಗರ ಸೀಮೆ ನೋಡಿ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಎದುರಿನ ಮಂಟಪದಲ್ಲಿ ದೊಡ್ಡ ನಂದಿ ಕೂತಿದೆ, ಸುತ್ತ ಹುಲ್ಲುಹಾಸು, ಗದ್ದಲವೇ ಇಲ್ಲ. ಕೆಳದಿಯ ರಾಮೇಶ್ವರ ದೇವಸ್ಥಾನದಲ್ಲಿ ತಲೆ ಎತ್ತಿದರೆ ಚಾವಣಿಯಲ್ಲಿ ಗಂಡಭೇರುಂಡ. ಹೆಗ್ಗೋಡಿನಲ್ಲಿ 1949ರಿಂದ ನಡೆದುಬಂದಿರುವ ನೀನಾಸಂ ಇದೆ, ನಾಟಕವಿದ್ದ ದಿನ ಸಿಕ್ಕರೆ ಅದೃಷ್ಟ. ಸಾಗರದಲ್ಲಿ ಗುಡಿಗಾರರ ಕೆತ್ತನೆ ನೋಡಿ, ಉಳಿ ಹಿಡಿದ ಆ ಬೆರಳುಗಳನ್ನು ನೋಡಿ. ನೀರು ತೀರಾ ಇಳಿದ ವರ್ಷ ಹಿರೇಭಾಸ್ಕರದ ಮುಳುಗಿದ ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಕೊನೆಗೆ ಜೋಗಕ್ಕೆ ಹೋಗಿ ಆ ಬರಿ ಬಂಡೆಯನ್ನು ನೋಡಿ. ಮಳೆಗಾಲದಲ್ಲಿ ಕಾಣದ ಸಂದು, ಸೀಳು, ನೀರು ಕೊರೆದ ಗುಂಡಿ ಎಲ್ಲ ಆಗ ಬಿಡಿಬಿಡಿಯಾಗಿ ಕಾಣುತ್ತವೆ.

ಬಂಗಾರಪೇಟೆಯ ಅಮ್ಮನಿಗೆ ಆಗಸ್ಟಿನ ಮೂರನೇ ವಾರಕ್ಕೆ ತಾಳಗುಪ್ಪದವರೆಗೆ ರೈಲು ಟಿಕೆಟ್ ಆಗಿದೆ, ಕೆಳಗಿನ ಬರ್ತ್. ಉಳಿಯುವುದು ನಮ್ಮ ಮನೆಯಲ್ಲೇ, ಮೂರು ದಿನ. ನಿನ್ನೆ ಫೋನ್ ಮಾಡಿ, "ಅಣೆಕಟ್ಟು ಎಷ್ಟು ಅಡಿ ಆಯ್ತಮ್ಮ?" ಎಂದು ವಿಚಾರಿಸಿದರು. ಜೊತೆಗೆ, ಅಜ್ಜನ ಒರಳು ನೀರಿನ ಕೆಳಗೆ ಹೋಯಿತಾ ಎಂದೂ ಕೇಳಿದರು. ಹೋಯಿತು ಎಂದೆ.