ಹಂಪಿಯಲ್ಲಿ ಜೇಬಿಗೆ ಕತ್ತರಿ ಬೀಳುವುದು ಎಲ್ಲೆಲ್ಲಿ

ಹಂಪಿಯಲ್ಲಿ ಹಣ ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಕಳೆದುಕೊಳ್ಳುವುದು ಕಳ್ಳರಿಗಲ್ಲ, ಊರಿನ ನಕ್ಷೆ ಗೊತ್ತಿಲ್ಲದ ಕಾರಣಕ್ಕೆ. ಹೊಳೆ ಯಾವ ಕಡೆ ಇದೆ, ಯಾವ ಸ್ಮಾರಕ ಯಾವುದರ ಮಗ್ಗುಲಲ್ಲಿದೆ, ಎಲ್ಲಿ ಟಿಕೆಟ್ ಉಂಟು, ಎಲ್ಲಿ ಇಲ್ಲ ಎಂಬಿಷ್ಟನ್ನು ತಿಳಿದುಕೊಂಡು ಹೋದವರಿಗೆ ಟೋಪಿ ಹಾಕುವುದು ಕಷ್ಟ.

ಮೊದಲ ಪರೀಕ್ಷೆ ಹೊಸಪೇಟೆ ರೈಲು ನಿಲ್ದಾಣದ ಬಾಗಿಲಲ್ಲೇ ಎದುರಾಗುತ್ತದೆ. ಬೆಳಿಗ್ಗೆ ರೈಲಿಳಿದು ಬಂದವರಿಗೆ ‘ಇವತ್ತು ಬಸ್ ಇಲ್ಲ್ರೀ ಸರ್’ ಎನ್ನುವವರು ಸಿಕ್ಕೇ ಸಿಗುತ್ತಾರೆ. ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿ.ಮೀ. ಸರ್ಕಾರಿ ಬಸ್ಸುಗಳು ದಿನವಿಡೀ ಓಡಾಡುತ್ತವೆ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ. ಬಸ್ ಇದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಬಸ್ ನಿಲ್ದಾಣದ ವಿಚಾರಣಾ ಕೌಂಟರಿನಲ್ಲಿ ಕೇಳಿ, ಆಟೊದವರ ಹತ್ತಿರ ಬೇಡ. ಲಗೇಜು ಜಾಸ್ತಿಯಿದ್ದರೆ ನಿಲ್ದಾಣದವರೆಗೆ ಮಾತ್ರ ಆಟೊ ಹಿಡಿಯಿರಿ.

ಹಂಪಿ ಸುತ್ತಲು ಆಟೊ ಮಾಡಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಬಿಸಿಲಿನ ದಿನ, ಮಕ್ಕಳು ವಯಸ್ಸಾದವರು ಜೊತೆಗಿದ್ದರೆ ಅದೇ ಒಳ್ಳೆಯದು. ಎಡವುವುದು ‘ಪಾಯಿಂಟ್’ ಲೆಕ್ಕದಲ್ಲಿ. ‘ಇಪ್ಪತ್ತು ಪಾಯಿಂಟ್ ತೋರಿಸ್ತೀವಿ’ ಅನ್ನುವ ಮಾತು ಕೇಳಲು ಚೆನ್ನಾಗಿರುತ್ತದೆ. ಆದರೆ ಕಮಲ ಮಹಲು, ಆನೆಲಾಯ, ಕಾವಲು ಗೋಪುರಗಳು ಅಕ್ಕಪಕ್ಕದಲ್ಲೇ ಇವೆ. ಗಾಡಿ ಒಮ್ಮೆ ನಿಂತರೆ ಎಲ್ಲವನ್ನೂ ನಡೆದೇ ನೋಡಬಹುದು. ಉಗ್ರನರಸಿಂಹ, ಬಡವಿಲಿಂಗ ಒಂದರ ಮಗ್ಗುಲಿಗೊಂದು. ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ, ಹೇಮಕೂಟದ ಗುಡಿಗಳೆಲ್ಲ ವಿರೂಪಾಕ್ಷ ದೇವಸ್ಥಾನದಿಂದ ನಡೆದು ಮುಗಿಸುವ ದೂರ. ಹೀಗೆ ಮೂರು ಕಡೆ ಗಾಡಿ ನಿಲ್ಲಿಸಿದರೆ ಎಂಟೊಂಬತ್ತು ಪಾಯಿಂಟ್ ಆಗಿಬಿಡುತ್ತವೆ. ಆದ್ದರಿಂದ ಪಾಯಿಂಟ್ ಬಿಡಿ, ಗಂಟೆಯ ಲೆಕ್ಕದಲ್ಲಿ ಮಾತಾಡಿ. ಬಾಡಿಗೆ ಇಡೀ ಗಾಡಿಗೋ ತಲೆಗೋ, ಎಷ್ಟು ಗಂಟೆಯವರೆಗೆ, ಕಾಯುವುದಕ್ಕೆ ಬೇರೆ ದುಡ್ಡುಂಟೋ, ಕೊನೆಗೆ ಬಿಡುವುದು ಹಂಪಿಯಲ್ಲೋ ಹೊಸಪೇಟೆಯಲ್ಲೋ ಎಂಬ ನಾಲ್ಕನ್ನೂ ಹತ್ತುವ ಮೊದಲೇ ತೀರ್ಮಾನಿಸಿ, ವಾಟ್ಸಾಪಿನಲ್ಲಿ ಒಂದು ಸಾಲು ಕಳಿಸಿಕೊಳ್ಳಿ. ಸಂಜೆ ಜಗಳ ಹುಟ್ಟುವುದೆಲ್ಲ ಈ ನಾಲ್ಕರಿಂದಲೇ. ‘ಅಂಗಡಿಗೆ ಹೋಗುವುದಿಲ್ಲ’ ಎಂದೂ ಸೇರಿಸಿ, ಕಮಿಷನ್ನಿನ ಸುತ್ತು ತಪ್ಪುತ್ತದೆ.

ಟಿಕೆಟ್ ವಿಚಾರ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಟಿಕೆಟ್ ಭಾರತೀಯರಿಗೆ 40 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ವಿಜಯ ವಿಠ್ಠಲ ದೇವಸ್ಥಾನದಲ್ಲಿ ತೆಗೆದುಕೊಂಡ ಟಿಕೆಟನ್ನೇ ಅದೇ ದಿನ ಕಮಲ ಮಹಲಿನ ಆವರಣದಲ್ಲೂ ಕಮಲಾಪುರದ ವಸ್ತುಸಂಗ್ರಹಾಲಯದಲ್ಲೂ ತೋರಿಸಬಹುದು. ಒಂದು ಕಡೆ ನೋಡಿ ಚೀಟಿ ಎಸೆದವರು ಇನ್ನೊಂದು ಕಡೆ ಮತ್ತೆ ದುಡ್ಡು ಕೊಡುತ್ತಾರೆ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಹಜಾರ ರಾಮ, ಮಹಾನವಮಿ ದಿಬ್ಬ, ರಾಣಿ ಸ್ನಾನಗೃಹ, ಕೃಷ್ಣ ದೇವಸ್ಥಾನ, ಅಚ್ಯುತರಾಯ ದೇವಸ್ಥಾನ ಇವಕ್ಕೆಲ್ಲ ಟಿಕೆಟ್ ಇಲ್ಲ. ಅಲ್ಲಿ ಯಾರಾದರೂ ಪ್ರವೇಶಕ್ಕೆಂದು ಹಣ ಕೇಳಿದರೆ ರಸೀದಿ ಕೇಳಿ, ಮಾತು ಅಲ್ಲಿಗೆ ನಿಲ್ಲುತ್ತದೆ.

ವಿಠ್ಠಲ ದೇವಸ್ಥಾನದ ಬಾಗಿಲವರೆಗೆ ನಿಮ್ಮ ಕಾರಾಗಲಿ ಆಟೊ ಆಗಲಿ ಹೋಗುವಂತಿಲ್ಲ. ಗೆಜ್ಜಲ ಮಂಟಪದ ಬಳಿ ಇಳಿದು ಬ್ಯಾಟರಿ ಗಾಡಿ ಹತ್ತಬೇಕು, ಇಲ್ಲವೇ ಒಂದು ಕಿಲೋಮೀಟರಿನಷ್ಟು ನಡೆಯಬೇಕು. ‘ಬೇರೆ ದಾರಿಯಲ್ಲಿ ಒಳಗೆ ಬಿಡ್ತೀನಿ’ ಎಂದವರನ್ನು ನಂಬಬೇಡಿ. ಕಾಲಲ್ಲಿ ಶಕ್ತಿಯಿದ್ದವರಿಗೆ ನಿಜವಾಗಿ ಇನ್ನೊಂದು ದಾರಿ ಇದೆ: ವಿರೂಪಾಕ್ಷ ಬಜಾರಿನ ತುದಿಯಿಂದ ಕೋದಂಡರಾಮ ಗುಡಿ ಹಾಯ್ದು ಹೊಳೆಯ ದಂಡೆಗುಂಟ ಎರಡು ಕಿ.ಮೀ. ಆಸುಪಾಸು. ಹಂಪಿಯಲ್ಲಿ ಇದಕ್ಕಿಂತ ಚೆಂದದ ನಡಿಗೆ ಇನ್ನೊಂದಿಲ್ಲ, ಬೆಳಗ್ಗೆಯೇ ಹೊರಡಿ. ದೇವಸ್ಥಾನದೊಳಗೆ ‘ಸಂಗೀತ ಕಂಬ ಬಡಿದು ಕೇಳಿಸ್ತೀನಿ, ನೂರು ರೂಪಾಯಿ ಕೊಡಿ’ ಎನ್ನುವವರು ಸಿಕ್ಕರೆ ಖಂಡಿತ ಒಪ್ಪಬೇಡಿ. ಕಂಬ ಮುಟ್ಟುವುದೇ ನಿಷಿದ್ಧ, ಬಡಿದು ಬಡಿದು ಕಲ್ಲು ಸವೆದಿದೆ.

ಅತಿ ದುಬಾರಿ ತಪ್ಪು ನಡೆಯುವುದು ಕೋಣೆ ಕಾಯ್ದಿರಿಸುವಾಗ. ಆನ್‌ಲೈನಿನಲ್ಲಿ ‘ಹಂಪಿ’ ಎಂದು ಬರೆದುಕೊಂಡ ಎಷ್ಟೋ ವಸತಿಗಳು ಇರುವುದು ತುಂಗಭದ್ರೆಯ ಆಚೆ ದಂಡೆಯ ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಗಳಲ್ಲಿ. ಅಂದರೆ ಅದು ಕೊಪ್ಪಳ ಜಿಲ್ಲೆ. 2020ರಲ್ಲಿ ರೆಸಾರ್ಟುಗಳನ್ನು ತೆರವು ಮಾಡಿದ ವಿರೂಪಾಪುರ ಗಡ್ಡೆಯ ಹೆಸರೂ ಜಾಹೀರಾತುಗಳಲ್ಲಿ ಕಾಣಬಹುದು. ಹೊಳೆ ದಾಟಿದರೆ ಕಣ್ಣೆದುರಿಗೇ ಇರುವ ಊರು; ಆದರೆ ದೋಣಿ ಕತ್ತಲಾಗುವ ಹೊತ್ತಿಗೆ ನಿಲ್ಲುತ್ತದೆ, ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಹಗಲಲ್ಲೂ ಓಡುವುದಿಲ್ಲ. ಆಗ ಬುಕ್ಕಸಾಗರ ಸೇತುವೆಯ ಮೇಲೆ ಸುತ್ತಿಕೊಂಡು ಹೋಗಬೇಕು, ಸಾಣಾಪುರಕ್ಕೆ ಇಪ್ಪತ್ತು ಕಿ.ಮೀ. ಮೀರುತ್ತದೆ. ರಾತ್ರಿ ಎಂಟಕ್ಕೆ ದಂಡೆಯಲ್ಲಿ ನಿಂತವರ ಹತ್ತಿರ ಆಟೊದವರು ಕೇಳಿದ್ದೇ ಬೆಲೆ. ಮುಂಗಡ ಕೊಡುವ ಮೊದಲು ಲೊಕೇಶನ್ ತರಿಸಿಕೊಂಡು ನಕ್ಷೆಯಲ್ಲಿ ನೋಡಿ: ವಿರೂಪಾಕ್ಷ ಗೋಪುರಕ್ಕೂ ಕೋಣೆಗೂ ನಡುವೆ ನೀಲಿ ಗೆರೆ ಬಂತೇ?

ಹರಿಗೋಲಿನ ಸವಾರಿಯಲ್ಲಿ ‘ಐನೂರು’ ಅಂದರೆ ತಲೆಗೋ ಹರಿಗೋಲಿಗೋ ಎಂದು ನೀರಿಗಿಳಿಯುವ ಮೊದಲೇ ಕೇಳಿ. ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತಬೇಡಿ.

ವಿರೂಪಾಕ್ಷ ದೇವಸ್ಥಾನದಲ್ಲಿ ಗರ್ಭಗುಡಿಯ ಹಿಂದಿನ ಕತ್ತಲೆ ಕೋಣೆಯ ಗೋಡೆಯ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಎದುರು ಗೋಡೆಯ ಚಿಕ್ಕ ಕಿಂಡಿಯೇ ಇದರ ಗುಟ್ಟು. ಬಿಸಿಲಿದ್ದರೆ ಸ್ಪಷ್ಟ, ಮೋಡವಿದ್ದರೆ ಮಸುಕು. ಕೈಹಿಡಿದು ಕರೆದೊಯ್ದು ತೋರಿಸಿ ಆಮೇಲೆ ದಕ್ಷಿಣೆ ಕೇಳುವವರಿರುತ್ತಾರೆ, ನೀವಾಗಿಯೇ ಹೋಗಿ ನೋಡಬಹುದು. ಪೂಜೆ ಮಾಡಿಸುವುದಿದ್ದರೆ ಕೌಂಟರಿನಲ್ಲಿ ರಸೀದಿ ಮಾಡಿಸಿ. ಗೈಡ್ ಬೇಕಾದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ನೋಡಿಯೇ ಮಾತಾಡಿ. ಶಾಸನ ಓದಿ ಹೇಳಬಲ್ಲ ಒಳ್ಳೆಯ ಗೈಡ್ ಸಿಕ್ಕರೆ ಕೊಟ್ಟ ದುಡ್ಡಿಗೆ ಎರಡು ಪಟ್ಟು ದಕ್ಕುತ್ತದೆ, ಅಲ್ಲಿ ಜಿಪುಣತನ ಬೇಡ.

ಬಂಡೆಯ ಮರೆಯಲ್ಲಿ ಬಟ್ಟೆಯ ಗಂಟು ಬಿಚ್ಚಿ ‘ಹೊಲ ಉಳುವಾಗ ಸಿಕ್ತು, ಕೃಷ್ಣದೇವರಾಯನ ಕಾಲದ್ದು’ ಎಂದು ನಾಣ್ಯ ತೋರಿಸುವವರ ವಿಷಯದಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬಿಡಬೇಡಿ. ವಿಜಯನಗರದ ಚಿನ್ನದ ವರಾಹ ಸುಮಾರು 3.4 ಗ್ರಾಂ ತೂಕದ, ಕಿರುಬೆರಳ ಉಗುರಿನಷ್ಟು ಅಗಲದ ಪುಟ್ಟ ನಾಣ್ಯ. ರೂಪಾಯಿ ಬಿಲ್ಲೆಯಷ್ಟು ದೊಡ್ಡದನ್ನು ಕೈಗಿಟ್ಟರೆ ಅಲ್ಲೇ ಗೊತ್ತಾಗಬೇಕು. ಆ ಕಾಲದ ನಾಣ್ಯಗಳನ್ನು ಅಚ್ಚಿನ ಮೇಲೆ ಬಡಿದು ಮಾಡುತ್ತಿದ್ದರು. ನಕಲಿಗಳು ಹೆಚ್ಚಾಗಿ ಎರಕದವು. ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಸುತ್ತಲೂ ಕೂಡಿಸಿದ ಗೆರೆ, ಮೈಮೇಲೆ ಸೂಜಿಮೊನೆಯಂಥ ಗುಳ್ಳೆಗುಳಿಗಳು ಕಾಣುತ್ತವೆ. ಇನ್ನು ನಾಣ್ಯ ಅಸಲಿಯೇ ಆದರೆ ತೊಂದರೆ ಇನ್ನೂ ದೊಡ್ಡದು. ನೂರು ವರ್ಷ ದಾಟಿದ ಪ್ರಾಚ್ಯವಸ್ತುವಿನ ವ್ಯಾಪಾರಕ್ಕೆ 1972ರ ಕಾಯ್ದೆಯಂತೆ ಪರವಾನಗಿ ಬೇಕು. ಕೈಗೆ ತೆಗೆದುಕೊಳ್ಳದೆ ಮುಂದೆ ಹೋಗಿ.

ನೆನಪಿಗೆ ಏನಾದರೂ ಕೊಳ್ಳಬೇಕೆಂದರೆ ಸಂಡೂರು ಲಂಬಾಣಿ ಕಸೂತಿ ಇದೆ. ಬಟ್ಟೆಯ ಹಿಂಬದಿ ತಿರುಗಿಸಿ ನೋಡಿ: ಕೈಹೊಲಿಗೆಯಾದರೆ ಗಂಟುಗಳು, ದಾರ ದಾಟಿಸಿದ ಗುರುತುಗಳು ಏರುಪೇರಾಗಿರುತ್ತವೆ, ಮೆಷಿನ್ನಿನದಾದರೆ ಅಡಿಯ ದಾರ ಒಂದೇ ಸಮ ಸಾಲು ಹಿಡಿದಿರುತ್ತದೆ. ಕೈಕೆಲಸದ್ದೇ ಆದರೆ ಹೆಚ್ಚು ಚೌಕಾಸಿ ಮಾಡಬೇಡಿ. ಒಂದು ಚೀಲದ ಹಿಂದೆ ಹಲವು ದಿನಗಳ ದುಡಿಮೆ ಇರುತ್ತದೆ.

ಬಾಡಿಗೆ ಸ್ಕೂಟರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರಬೇಕು. ಬಿಳಿ ಫಲಕದ ಸ್ವಂತ ಗಾಡಿಯನ್ನು ಬಾಡಿಗೆಗೆ ಓಡಿಸಿ ಅಪಘಾತವಾದರೆ ವಿಮೆ ಕಂಪನಿ ಕೈಯೆತ್ತಬಹುದು. ಮೂಲ ಆಧಾರ್ ಕಾರ್ಡನ್ನು ಅಡ ಇಡಬೇಡಿ, ಜೆರಾಕ್ಸ್ ಕೊಡಿ. ಹತ್ತುವ ಮೊದಲು ನಾಲ್ಕೂ ಕಡೆ ಸುತ್ತಿ ವಿಡಿಯೊ ಮಾಡಿಕೊಳ್ಳಿ, ಪೆಟ್ರೋಲ್ ಮುಳ್ಳೂ ಅದರಲ್ಲಿ ಬರಲಿ. ಹಳೆಯ ಗೀರಿಗೆ ಹೊಸ ದಂಡ ಕಟ್ಟುವುದು ಇದರಿಂದ ತಪ್ಪುತ್ತದೆ.

ಯಾರಾದರೂ ಅಡ್ಡಗಟ್ಟಿ ಹೆದರಿಸಿದರೆ 112ಕ್ಕೆ ಕರೆ ಮಾಡಿ. ಪ್ರವಾಸಿಗರ ಸಹಾಯವಾಣಿ 1363 ಹಗಲಿರುಳೂ ಇರುತ್ತದೆ. ಗಾಡಿಯ ನಂಬರಿನ ಫೋಟೊ, ಹಣ ಕಳಿಸಿದ ಯುಪಿಐ ವಿವರ ಕೈಯಲ್ಲಿದ್ದರೆ ದೂರಿಗೆ ಬಲ ಬರುತ್ತದೆ. ಹಾಗಾಗಿ ಚಿಲ್ಲರೆ ಬಿಟ್ಟು ಉಳಿದದ್ದನ್ನೆಲ್ಲ ಫೋನಿನಲ್ಲೇ ಪಾವತಿಸಿ. ಹೊಸಪೇಟೆಗೆ ಸಂಜೆಯ ಕೊನೆಯ ಬಸ್ ಎಷ್ಟು ಗಂಟೆಗೆಂದು ಬೆಳಿಗ್ಗೆ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.